ಅರ್ಜಿ ಒಂದಾಯಿತು, ತಪಾಸಣೆಯೂ ಒಂದಾಗಲಿ

ನಮ್ಮ ಕರಾವಳಿಯ ಗೇರುಬೀಜದ ಕಾರ್ಖಾನೆಗಳಿಗೆ ಇಲ್ಲಿ ಬೆಳೆಯುವ ಬೀಜ ಸಾಲದು. ಐವರಿ ಕೋಸ್ಟ್, ಬೆನಿನ್, ತಾಂಜಾನಿಯಾ ಕಡೆಯಿಂದ ಕಚ್ಚಾ ಬೀಜ ಹಡಗಿನಲ್ಲಿ ಬರಬೇಕು. ಮಂಗಳೂರಿನ ಪಣಂಬೂರು ಬಂದರಿನಲ್ಲಿ ಇಳಿದ ಕಂಟೇನರ್ ಕಾರ್ಖಾನೆ ಸೇರುವ ಮೊದಲು ಕಸ್ಟಮ್ಸ್ ಒಪ್ಪಬೇಕು. ಹುಳ, ರೋಗ ಇಲ್ಲವೆಂದು ಪ್ಲಾಂಟ್ ಕ್ವಾರಂಟೈನ್‌ನವರೂ (ಹೊರಗಿನಿಂದ ಬರುವ ಸಸ್ಯ, ಬೀಜ ಪರೀಕ್ಷಿಸುವ ಇಲಾಖೆ) ಒಪ್ಪಬೇಕು.

ಮೊದಲು ಇದಕ್ಕೆಲ್ಲ ಬೇರೆ ಬೇರೆ ಅರ್ಜಿ ಹಾಕಬೇಕಿತ್ತು. 2016ರ ಏಪ್ರಿಲ್ 1ರಂದು ‘ಸ್ವಿಫ್ಟ್’ ಎಂಬ ಏಕಗವಾಕ್ಷಿ ವ್ಯವಸ್ಥೆ ಬಂತು. ಕಸ್ಟಮ್ಸ್‌ನ ಐಸ್‌ಗೇಟ್ ಪೋರ್ಟಲ್‌ನಲ್ಲಿ ಒಂದೇ ಘೋಷಣೆ ಸಲ್ಲಿಸಿದರೆ ಆಹಾರ ಸುರಕ್ಷತೆ, ಔಷಧ ನಿಯಂತ್ರಣ, ಸಸ್ಯ ಮತ್ತು ಪ್ರಾಣಿ ಕ್ವಾರಂಟೈನ್, ವನ್ಯಜೀವಿ, ಜವಳಿ, ಹೀಗೆ ಯಾವ ಇಲಾಖೆ ನೋಡಬೇಕೋ ಅಲ್ಲಿಗೆ ಅದೇ ಹೋಗುತ್ತದೆ. ಆಮೇಲೆ ದಾಖಲೆಗಳನ್ನು ಆನ್‌ಲೈನ್‌ನಲ್ಲೇ ಸಲ್ಲಿಸುವ ಇ-ಸಂಚಿತ್ ಬಂದು, ದಾಖಲೆಗಳ ಕಟ್ಟು ಹಿಡಿದು ಓಡಾಡುವುದೂ ತಪ್ಪಿತು. ಇದು ನಿಜಕ್ಕೂ ದೊಡ್ಡ ಕೆಲಸ. ಮನಸಾರೆ ಮೆಚ್ಚುತ್ತೇನೆ.

ಆದರೆ ಒಂದಾಗಿದ್ದು ಅರ್ಜಿ ಮಾತ್ರ. ಕಂಟೇನರ್ ಬಾಗಿಲು ತೆಗೆಯಲು ಮನುಷ್ಯರೇ ಬರಬೇಕಲ್ವಾ? ಕಸ್ಟಮ್ಸ್‌ನವರು ಒಂದು ದಿನ, ಸ್ಯಾಂಪಲ್ ತೆಗೆಯುವವರು ಇನ್ನೊಂದು ದಿನ ಬಂದರೆ ಕಂಪ್ಯೂಟರ್ ಉಳಿಸಿಕೊಟ್ಟ ಸಮಯವೆಲ್ಲ ಅಂಗಳದಲ್ಲೇ ಕಳೆದುಹೋಗುತ್ತದೆ. ನಡುವೆ ರಜೆ ಬಂದರೆ ಮುಗಿಯಿತು. ಉಚಿತ ದಿನಗಳು ದಾಟಿದ ಮೇಲೆ ಬಂದರಿಗೆ ಡಿಮರೇಜ್ (ಸರಕು ಅಲ್ಲೇ ಉಳಿದದ್ದಕ್ಕೆ ಶುಲ್ಕ), ಹಡಗು ಕಂಪನಿಗೆ ಕಂಟೇನರ್ ಬಾಡಿಗೆ. ಬ್ಯಾಂಕಿನ ಬಡ್ಡಿ ಅಂತೂ ನಿಲ್ಲುವುದೇ ಇಲ್ಲ. ತೇವ ಜಾಸ್ತಿ ಇರುವ ಬೀಜ ಮುಚ್ಚಿದ ಕಂಟೇನರ್‌ನಲ್ಲಿ ಬೂಸ್ಟು ಹಿಡಿಯುತ್ತದೆ.

ದೊಡ್ಡ ಕಂಪನಿಗಳು ನಂಬಿಕಸ್ಥ ವ್ಯಾಪಾರಿ ಎಂದು ಕಸ್ಟಮ್ಸ್ ಕೊಡುವ ಎಇಒ ಮಾನ್ಯತೆ ಪಡೆದು ತಪಾಸಣೆ ಕಡಿಮೆ ಮಾಡಿಸಿಕೊಳ್ಳುತ್ತವೆ, ಸುಂಕವನ್ನೂ ತಡವಾಗಿ ಕಟ್ಟುತ್ತವೆ. ಸಣ್ಣ ಕಾರ್ಖಾನೆಗೆ ಅದಕ್ಕೆ ಬೇಕಾದ ಲೆಕ್ಕಪತ್ರ, ಜನ ಎಲ್ಲಿಂದ ಬರಬೇಕು? ಅಲ್ಲಿ ಬೀಜ ಇಲ್ಲದಿದ್ದರೆ ಕೆಲಸವೂ ಇಲ್ಲ. ಬೀಜ ಸುಲಿಯುವವರಲ್ಲಿ ಹೆಚ್ಚಿನವರು ಹೆಂಗಸರು. ಬಂದರಿನ ತಡ ಕೊನೆಗೆ ತಟ್ಟುವುದು ಅವರ ಕೂಲಿಗೆ. ನನಗೆ ಸಂಕಟವಾಗುವುದು ಇದಕ್ಕೇ.

ಸಿಂಗಾಪುರದವರು ಟ್ರೇಡ್‌ನೆಟ್ ಎಂಬ ತಮ್ಮ ಏಕಗವಾಕ್ಷಿ ಶುರು ಮಾಡಿದ್ದು 1989ರಲ್ಲಿ. ದಿನಗಟ್ಟಲೆ ಹಿಡಿಯುತ್ತಿದ್ದ ಪರವಾನಗಿ ನಿಮಿಷಗಳಿಗೆ ಇಳಿಯಿತು. ಸುಮ್ನೆ ಹಳೇ ಫಾರಂಗಳನ್ನು ಕಂಪ್ಯೂಟರಿಗೆ ಹಾಕಿದ್ದರೆ ಇದು ಆಗುತ್ತಿರಲಿಲ್ಲ. ಹಿಂದೆ ನಡೆಯುವ ಕೆಲಸದ ರೀತಿಯನ್ನೂ ಅವರು ಬದಲಿಸಿದರು.

ನಮ್ಮಲ್ಲೂ ಅದು ಆಗದ ಮಾತಲ್ಲ. 2020ರ ಜೂನ್ 8ರಂದು ಬೆಂಗಳೂರು ಮತ್ತು ಚೆನ್ನೈಯಲ್ಲಿ ಫೇಸ್‌ಲೆಸ್ ಅಸೆಸ್‌ಮೆಂಟ್ ಶುರುವಾಯಿತು. ಒಂದು ಊರಿಗೆ ಬಂದ ಸರಕಿನ ಸುಂಕವನ್ನು ಇನ್ನೊಂದು ಊರಿನ ಅಧಿಕಾರಿ ನಿರ್ಧರಿಸುವ ಪದ್ಧತಿ ಅದು. ಅದೇ ವರ್ಷ ಅಕ್ಟೋಬರ್ ಹೊತ್ತಿಗೆ ದೇಶವಿಡೀ ಹಬ್ಬಿತು. ಕಸ್ಟಮ್ಸ್ ಇಷ್ಟು ಬದಲಾಗಬಹುದಾದರೆ ಉಳಿದ ಇಲಾಖೆಗಳಿಗೆ ಏನು ಅಡ್ಡಿ?

2017ರ ಫೆಬ್ರವರಿ 22ರಂದು ಜಾರಿಗೆ ಬಂದ ವಿಶ್ವ ವ್ಯಾಪಾರ ಸಂಸ್ಥೆಯ (ಡಬ್ಲ್ಯುಟಿಒ) ವ್ಯಾಪಾರ ಸುಗಮಗೊಳಿಸುವ ಒಪ್ಪಂದಕ್ಕೆ ಭಾರತವೂ ಸೇರಿದೆ. ಏಕಗವಾಕ್ಷಿಯಲ್ಲಿ ಒಮ್ಮೆ ಕೊಟ್ಟ ಮಾಹಿತಿಯನ್ನು, ತುರ್ತು ಮತ್ತು ಪ್ರಕಟಿಸಿದ ಕೆಲವೇ ವಿನಾಯಿತಿಗಳನ್ನು ಬಿಟ್ಟು, ಮತ್ತೆ ಕೇಳಬಾರದು ಎಂದು ಅದರಲ್ಲಿದೆ. ಒಮ್ಮೆ ತೆರೆದ ಕಂಟೇನರಿಗೂ ಇದೇ ನಿಯಮ ಇರಲಿ. ಎರಡೂ ಇಲಾಖೆಯವರು ಒಂದೇ ಹೊತ್ತಿಗೆ ಬಂದು ನೋಡಲಿ. ಯಾವ ಬಂದರಿನಲ್ಲಿ ಯಾವ ಇಲಾಖೆ ಸರಾಸರಿ ಎಷ್ಟು ಗಂಟೆ ತೆಗೆದುಕೊಂಡಿತು ಎಂಬುದು ಪ್ರತಿ ತಿಂಗಳು ಅದೇ ಪೋರ್ಟಲ್‌ನಲ್ಲಿ ಎಲ್ಲರಿಗೂ ಕಾಣಲಿ. ಮಂಗಳೂರಿನಿಂದಲೇ ಇದನ್ನು ಶುರು ಮಾಡಬಹುದು. ಗೇರುಬೀಜದ ವ್ಯಾಪಾರದಲ್ಲಿರುವವರು, ಕಸ್ಟಮ್ಸ್ ಬ್ರೋಕರ್‌ಗಳು, ನಿಮ್ಮ ಸರಕು ಎಲ್ಲಿ ನಿಲ್ಲುತ್ತದೆ ಎಂದು ಇಲ್ಲಿ ಬರೆಯಿರಿ.