ಟಿಸಿ, ಆಧಾರ್ ಇಲ್ಲದಿದ್ದರೂ ಮಗುವನ್ನು ಶಾಲೆಗೆ ಸೇರಿಸಬಹುದು

'ಟಿಸಿ, ಆಧಾರ್ ಇಲ್ಲದ ಕಾರ್ಮಿಕರ ಮಕ್ಕಳನ್ನು ಶಾಲೆಗೆ ಸೇರಿಸಿಕೊಳ್ಳಲ್ಲ, ಜೂನ್ ಮುಗಿದರೆ ಯಾರನ್ನೂ ತಗೊಳ್ಳಲ್ಲ' ಎಂಬ ಮೆಸೇಜ್ ಕೊಡಗಿನ ತೋಟದ ಗುಂಪುಗಳಲ್ಲಿ ಓಡಾಡುತ್ತಿದೆ. ನಾನೂ ಒಂದು ಗುಂಪಿಗೆ ಕಳಿಸಿದ್ದೆ. ಅದು ತಪ್ಪು, ಕ್ಷಮಿಸಿ.

2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಎಲ್ಲ ಮಕ್ಕಳಿಗೂ ಅನ್ವಯಿಸುತ್ತದೆ. ಟಿಸಿ ತಡವಾಯಿತೆಂದು ಸರ್ಕಾರಿ, ಅನುದಾನಿತ ಶಾಲೆಗಳು ದಾಖಲಾತಿ ನಿಲ್ಲಿಸುವಂತಿಲ್ಲ (ಸೆಕ್ಷನ್ 5). ವಯಸ್ಸಿನ ದಾಖಲೆ ಇಲ್ಲವೆಂದು ನಿರಾಕರಿಸುವಂತಿಲ್ಲ (ಸೆಕ್ಷನ್ 14). ವರ್ಷದ ನಡುವೆ ಬಂದರೂ ಸೇರಿಸಿಕೊಳ್ಳಬೇಕು (ಸೆಕ್ಷನ್ 15). ಓದು ತಪ್ಪಿದ್ದರೆ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ, ವಿಶೇಷ ತರಬೇತಿ ಕೊಡಬೇಕು (ಸೆಕ್ಷನ್ 4). ಶಾಲೆ ಸೇರಲು ಆಧಾರ್ ಕಡ್ಡಾಯವಲ್ಲ ಎಂದು ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ.

ಕಾಫಿ ಕೊಯ್ಲು ಜೋರಾಗುವುದೇ ಡಿಸೆಂಬರ್ ಹೊತ್ತಿಗೆ. ಅಸ್ಸಾಂ ಕಡೆಯಿಂದಲೂ ಜನ ಬರುತ್ತಾರೆ. ಬೆಳಿಗ್ಗೆ ಲೈನ್ ಮನೆ (ತೋಟದ ಕಾರ್ಮಿಕರ ಸಾಲುಮನೆ) ಮುಂದೆ ತಮ್ಮನನ್ನು ಸೊಂಟಕ್ಕೇರಿಸಿ ನಿಂತ ಎಂಟು ವರ್ಷದ ಹುಡುಗಿಯನ್ನು ನೀವೂ ನೋಡಿರುತ್ತೀರಿ ಅಲ್ವಾ? ಆ ಮಗು ತಾನಾಗಿ ಶಾಲೆಗೆ ಬರಲ್ಲ. ಶಿಕ್ಷಕರು ಲೈನ್ ಮನೆಗೇ ಹೋಗಿ, ಹಿಂದೆ ಎಲ್ಲಿ ಓದುತ್ತಿತ್ತು, ಮನೆಮಾತು ಯಾವುದು, ಎಷ್ಟು ದಿನ ಇಲ್ಲಿರುತ್ತಾರೆ ಎಂದು ಕೇಳಿದರೆ ಅರ್ಧ ಕೆಲಸ ಆದಂತೆ. ತೋಟದ ಲೆಕ್ಕ ಬರೆಯುವ ರೈಟರ್‌ಗೆ ಯಾರ ಮನೆಯಲ್ಲಿ ಎಷ್ಟು ಮಕ್ಕಳೆಂದು ಗೊತ್ತಿರುತ್ತದೆ.

ಹಳೇ ಮೆಸೇಜ್ ದಯವಿಟ್ಟು ಫಾರ್ವರ್ಡ್ ಮಾಡಬೇಡಿ. ಕಳಿಸಿದ್ದರೆ ಅಳಿಸಿ, ಅದೇ ಗುಂಪಿಗೆ ಇದನ್ನು ಹಾಕಿ.