ಸತ್ಯಾಂಶ: ವಿದೇಶಗಳೊಂದಿಗಿನ ಪತ್ರವ್ಯವಹಾರವೆಲ್ಲ ಗುಟ್ಟೇ?

ವಿದೇಶಿ ಸರ್ಕಾರಗಳೊಂದಿಗೆ ನಮ್ಮ ಅಧಿಕಾರಿಗಳು ನಡೆಸುವ ಪತ್ರವ್ಯವಹಾರಕ್ಕೆ ಮಾಹಿತಿ ಹಕ್ಕು ಅನ್ವಯಿಸುವುದೇ ಇಲ್ಲ ಎಂಬ ಸಂದೇಶ ಆಗಾಗ ಹರಿದಾಡುತ್ತದೆ. ಹಂಚುವವರ ಕಳವಳ ಸಹಜವೇ, ಆದರೆ ಮಾತು ತಪ್ಪು. 2005ರ ಮಾಹಿತಿ ಹಕ್ಕು ಕಾಯ್ದೆಯ ಕಲಂ 8(1)(ಎಫ್) ರಕ್ಷಿಸುವುದು ವಿದೇಶಿ ಸರ್ಕಾರ ಗೋಪ್ಯವೆಂದು ನಂಬಿ ಕೊಟ್ಟ ಮಾಹಿತಿಯನ್ನು. 8(1)(ಎ) ವಿದೇಶ ಸಂಬಂಧಕ್ಕೆ ಧಕ್ಕೆ ತರುವಂಥದ್ದನ್ನು. ಮಾತುಕತೆ ನಡೆಯುತ್ತಿರುವಾಗ ಇಂಥ ಗೋಪ್ಯತೆ ಬೇಕೇ ಬೇಕು. ಆದರೂ ಸಾರ್ವಜನಿಕ ಹಿತವೇ ಹೆಚ್ಚೆನಿಸಿದರೆ 8(2)ರಡಿ ಮಾಹಿತಿ ಕೊಡಬಹುದು. 1923ರ ಅಧಿಕೃತ ರಹಸ್ಯಗಳ ಕಾಯ್ದೆಯೂ ಅದಕ್ಕೆ ಅಡ್ಡಿಯಲ್ಲ. ವಿಷಯಕ್ಕೆ 20 ವರ್ಷ ಕಳೆದಿದ್ದರೆ 'ಎಫ್' ರಕ್ಷಣೆ ನಿಲ್ಲುತ್ತದೆ, 'ಎ' ಉಳಿಯುತ್ತದೆ.

ಇಂಥ ಸಂದೇಶ ಬಂದರೆ ಕಲಂ ಸಂಖ್ಯೆ ಇದೆಯೇ ನೋಡಿ, ಕಾಯ್ದೆಯ ಮೂಲಪಾಠ ತೆರೆದು ಓದಿ. ಅರ್ಜಿ ತಿರಸ್ಕರಿಸುವ ಅಧಿಕಾರಿ ಕಾರಣವನ್ನೂ ಮೇಲ್ಮನವಿಯ ಅವಧಿಯನ್ನೂ ತಿಳಿಸಲೇಬೇಕು.