ತುಂಬಲಿ ಬಿಡಿ

ಎಕ್ಸ್‌ಟರ್ನಲ್ ಡ್ರೈವ್ ಕೊಂಡವರಿಗೆ ಮೊದಲ ಅನುಮಾನ ಬರುವುದು ಪ್ಲಗ್ ಹಾಕಿದ ಕೂಡಲೇ. ಡಬ್ಬದ ಮೇಲೆ 1 ಟಿಬಿ ಅಂತ ದಪ್ಪಕ್ಷರ, ವಿಂಡೋಸ್ ತೋರಿಸುವುದು 931 ಜಿಬಿ. ಮಿಕ್ಕಿದ್ದು ಯಾರ ಪಾಲಾಯಿತು? ಯಾರೂ ನುಂಗಿಲ್ಲ. ಡ್ರೈವ್ ಮಾಡುವವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ. ಎರಡೂ ಲೆಕ್ಕದಲ್ಲಿ ಬೈಟುಗಳು ಅಷ್ಟೇ ಇರುತ್ತವೆ. ಮ್ಯಾಕ್ 2009ರಲ್ಲೇ ಸಾವಿರದ ಲೆಕ್ಕಕ್ಕೆ ಬಂತು. ಹಾಗಾಗಿ ಅದೇ ಡ್ರೈವನ್ನು ಅಲ್ಲಿ ಸಿಕ್ಕಿಸಿದರೆ ಪೂರ್ತಿ ಒಂದು ಟಿಬಿ ಕಾಣುತ್ತದೆ. ಜಾಗ ಒಂದಿಷ್ಟೂ ಹೆಚ್ಚಾಗಿರುವುದಿಲ್ಲ, ಆದರೂ ಖುಷಿಯಾಗುತ್ತದೆ.

1956ರಲ್ಲಿ ಐಬಿಎಂ ಕಂಪನಿ ಹೊರತಂದ ಮೊದಲ ಹಾರ್ಡ್ ಡಿಸ್ಕಿನಲ್ಲಿ ಐವತ್ತು ತಟ್ಟೆಗಳಿದ್ದವು, ತೂಕ ಹತ್ತಿರ ಹತ್ತಿರ ಒಂದು ಟನ್. ಅದರಲ್ಲಿ ಹಿಡಿಸುತ್ತಿದ್ದದ್ದು ಐವತ್ತು ಲಕ್ಷ ಅಕ್ಷರ. ಇವತ್ತಿನ ಫೋನಿನಲ್ಲಿ ತೆಗೆದ ಒಂದು ಫೋಟೋಗೆ ಸರಿಹೋದೀತು, ಎರಡನೆಯದಕ್ಕೆ ಕಷ್ಟ. ಈಗ ಅಂಗೈಯಷ್ಟು ಡಬ್ಬಿಯಲ್ಲಿ ಅಂಥ ಲಕ್ಷಾಂತರ ಡಿಸ್ಕುಗಳ ಜಾಗ ಇದೆ. ಆದರೂ ಕೆಂಪು ಪಟ್ಟಿ ಬಂದೇ ಬರುತ್ತದೆ. ಡ್ರೈವಿನ ಹೆಸರಿನ ಕೆಳಗೆ ತಣ್ಣಗೆ ನೀಲಿಯಾಗಿದ್ದ ಗೆರೆ, ಜಾಗ ಮುಗಿಯುತ್ತಾ ಬಂದಾಗ ಕೆಂಪಾಗುತ್ತದಲ್ಲ, ಅದು. ಅದನ್ನು ಕಂಡ ಕೂಡಲೇ ಏನಾದರೂ ಅಳಿಸಲೇಬೇಕು ಅಂತ ಕೈ ತುರಿಸುತ್ತದೆ.

ನನ್ನ ಮಟ್ಟಿಗೆ, ಬ್ಯಾಕಪ್ ಡ್ರೈವ್ ತುಂಬಿದರೆ ತುಂಬಲಿ. ತುಂಬುವುದೇ ಅದರ ಕೆಲಸ. 2007ರಲ್ಲಿ ಮ್ಯಾಕ್‌ಗೆ ಬಂದ ಟೈಮ್ ಮಷೀನ್ ಎಂಬ ಬ್ಯಾಕಪ್ ಪ್ರೋಗ್ರಾಂ ಇದನ್ನು ಒಪ್ಪಿಕೊಂಡೇ ಕೆಲಸ ಮಾಡುತ್ತದೆ. ಕಳೆದ 24 ಗಂಟೆಗಳದ್ದು ಗಂಟೆಗೊಂದು, ಕಳೆದ ತಿಂಗಳದ್ದು ದಿನಕ್ಕೊಂದು, ಅದಕ್ಕೂ ಹಿಂದಿನದ್ದು ವಾರಕ್ಕೊಂದು. ಜಾಗ ಸಾಲದಾದಾಗ ತೀರಾ ಹಳೆಯದನ್ನು ತಾನೇ ತೆಗೆದುಹಾಕುತ್ತದೆ. ಗಂಟೆಗೊಂದು ಬ್ಯಾಕಪ್ ಅಂದರೆ ಗಂಟೆಗೊಮ್ಮೆ ಇಡೀ ಕಂಪ್ಯೂಟರನ್ನು ನಕಲು ಮಾಡುವುದಿಲ್ಲ, ಬದಲಾದದ್ದನ್ನಷ್ಟೇ ಬರೆದುಕೊಳ್ಳುತ್ತದೆ. ಬದಲಾಗದ ಫೈಲಿಗೆ ಹಳೆಯ ವ್ಯವಸ್ಥೆಯಲ್ಲಿ ಹಾರ್ಡ್ ಲಿಂಕ್, ಅಂದರೆ ಅದೇ ಫೈಲಿಗೆ ಇನ್ನೊಂದು ಹೆಸರು, ಇರುತ್ತಿತ್ತು. ಹೆಸರು ನೂರು, ಆಸಾಮಿ ಒಬ್ಬನೇ. ನಾವು ಹೋಗಿ ನಡುವೆ ಯಾವುದೋ ಒಂದು ತಾರೀಖಿನ ಫೋಲ್ಡರ್ ಅಳಿಸಿದರೆ ಹೆಸರುಗಳಷ್ಟೇ ಹೋಗುತ್ತಿದ್ದವು, ಜಾಗ ಅಷ್ಟೇನೂ ಸಿಗುತ್ತಿರಲಿಲ್ಲ. ಸಿಕ್ಕಿದ್ದೂ ಡ್ರೈವಿನ ಕಸದಬುಟ್ಟಿಯಲ್ಲಿ ಬಿದ್ದಿರುತ್ತಿತ್ತು, ಅದನ್ನು ಖಾಲಿ ಮಾಡುವವರೆಗೆ ಗೆರೆ ಅಲುಗಾಡುತ್ತಿರಲಿಲ್ಲ.

ವಿಂಡೋಸ್‌ನಲ್ಲಿ ಇದೇ ಕೆಲಸ ಮಾಡುವ ಫೈಲ್ ಹಿಸ್ಟರಿ ಬೇರೆ ಜಾಯಮಾನದ್ದು. ನಾವು ಏನೂ ಹೇಳದಿದ್ದರೆ ಹಳೆಯ ಪ್ರತಿಗಳನ್ನೆಲ್ಲ ಶಾಶ್ವತವಾಗಿ ಇಟ್ಟುಕೊಳ್ಳುತ್ತದೆ. ಜಾಗ ಬೇಕಾಗುವ ತನಕ ಮಾತ್ರ ಇಟ್ಟುಕೋ ಅಂತ ಸೆಟ್ಟಿಂಗ್‌ನಲ್ಲಿ ಒಮ್ಮೆ ಹೇಳಿಬಿಟ್ಟರೆ ಕೆಲಸ ಮುಗಿಯಿತು.

ಕತ್ತರಿ ಹಾಕಬೇಕಾದದ್ದು ಇನ್ನೊಂದು ತುದಿಯಲ್ಲಿ, ಕಂಪ್ಯೂಟರಿನಲ್ಲಿ. ಕೆಲವರ ಕಂಪ್ಯೂಟರಿನಲ್ಲಿ ವರ್ಚುವಲ್ ಮಷೀನ್ ಅಂತ, ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರ್ ನಡೆಸುವ ಒಂದು ದೈತ್ಯ ಫೈಲ್ ಇರುತ್ತದೆ. ಅದನ್ನು ತೆರೆದು ಸುಮ್ನೆ ಮುಚ್ಚಿದರೂ ಒಳಗೆ ಏನೋ ಚೂರು ಬದಲಾಗುತ್ತದೆ. ಎಷ್ಟೋ ಬ್ಯಾಕಪ್ ಪ್ರೋಗ್ರಾಂಗಳು ಅಷ್ಟಕ್ಕೇ 40 ಜಿಬಿಯನ್ನು ಮತ್ತೆ ಪೂರ್ತಿ ಬರೆಯುತ್ತವೆ. ಡೌನ್‌ಲೋಡ್ಸ್ ಫೋಲ್ಡರಿನದ್ದೂ ಇದೇ ಗೋಳು. ಒಮ್ಮೆ ಇನ್‌ಸ್ಟಾಲ್ ಮಾಡಿ ಮರೆತ ಸೆಟಪ್ ಫೈಲುಗಳನ್ನು ಯಾವ ಪುರುಷಾರ್ಥಕ್ಕೆ ಕಾಪಾಡಬೇಕು? ಇವನ್ನು ಬ್ಯಾಕಪ್ ಪಟ್ಟಿಯಿಂದಲೇ ಹೊರಗಿಟ್ಟರೆ ಡ್ರೈವಿನಲ್ಲಿ ತಿಂಗಳುಗಟ್ಟಲೆ ಇತಿಹಾಸ ಜಾಸ್ತಿ ಉಳಿಯುತ್ತದೆ. ಇದಕ್ಕೆ ಹತ್ತು ನಿಮಿಷ ಸಾಕು. ಆದರೆ ಬೇಸರದ ಹತ್ತು ನಿಮಿಷ, ಅದಕ್ಕೇ ಯಾರೂ ಮಾಡುವುದಿಲ್ಲ.

ಅದರ ಬದಲು ಡ್ರೈವ್ ತೆರೆದು ಒಳಗೆ ಅಲೆಯುತ್ತೇವೆ. "ಹಳೇ ಲ್ಯಾಪ್‌ಟಾಪ್" ಅಂತ ಒಂದು ಫೋಲ್ಡರ್. ಒಳಗೆ "ಡೆಸ್ಕ್‌ಟಾಪ್ ಎಲ್ಲಾ". ಅದರೊಳಗೆ "ಆಮೇಲೆ ನೋಡೋಣ". ಅದರೊಳಗೆ ಅದಕ್ಕೂ ಹಿಂದಿನ "ಹಳೇ ಲ್ಯಾಪ್‌ಟಾಪ್". ತಳದಲ್ಲಿ ಒಂದೇ ಹೂವಿನ ಒಂದು ಡಜನ್ ಫೋಟೋ. ಅರ್ಧದಲ್ಲಿ ಹೂವು ಗಾಳಿಗೆ ಅಲುಗಿದೆ, ಒಂದರಲ್ಲಿ ಲೆನ್ಸಿಗೆ ಬೆರಳು ಅಡ್ಡ ಬಂದಿದೆ. ಅಳಿಸಲು ಹೋದರೆ ಬೆರಳಿನದ್ದೇ ಚೆನ್ನಾಗಿದೆ ಅನಿಸುತ್ತದೆ. ಒಂದು ಸಂಜೆ ಕಳೆದು ಖಾಲಿಯಾಗುವುದು 30 ಎಂಬಿ.

ಈ ಅಲೆದಾಟದಲ್ಲಿ ನಿಜವಾಗಿ ಹೆದರಬೇಕಾದ ಸಂಗತಿಯೊಂದು ಸಿಗುತ್ತದೆ. ಲ್ಯಾಪ್‌ಟಾಪಿನಲ್ಲಿ ಜಾಗ ಇಲ್ಲ ಅಂತ ಫೋಟೋಗಳನ್ನೆಲ್ಲ ಡ್ರೈವಿಗೆ ಸಾಗಿಸಿ, ಲ್ಯಾಪ್‌ಟಾಪಿನಿಂದ ಅಳಿಸಿ, "ಬ್ಯಾಕಪ್ ಆಯ್ತು" ಅಂತ ನಿಟ್ಟುಸಿರು ಬಿಟ್ಟಿರುತ್ತೇವೆ. ಆಗಿದ್ದು ಬ್ಯಾಕಪ್ ಅಲ್ಲ, ವರ್ಗಾವಣೆ. ಈಗ ಆ ಫೋಟೋಗಳಿಗೆ ಇರುವುದು ಅದೊಂದೇ ಜಾಗ, ಅದೂ ಕೇಬಲ್ ಎಡವಿದರೆ ಮೇಜಿನಿಂದ ಬೀಳುವ ಜಾಗ. ಪೀಟರ್ ಕ್ರೋ ಎಂಬ ಫೋಟೋಗ್ರಾಫರ್ ಹೇಳಿ ಎಲ್ಲೆಡೆ ಹಬ್ಬಿದ 3-2-1 ಸೂತ್ರ ಇಂಥದಕ್ಕೇ ಇರುವುದು: ಪ್ರತಿಗಳು ಮೂರು, ಎರಡು ಬಗೆಯ ಸಾಧನಗಳಲ್ಲಿ, ಒಂದು ಮನೆಯಿಂದಾಚೆ. ಮೂರೂ ಕೂಡಿಬರದಿದ್ದರೆ ಎರಡಾದರೂ ಇರಲಿ. ಡ್ರೈವಿನಲ್ಲಿ ಮಾತ್ರ ಇರುವ ಫೋಲ್ಡರ್ ಯಾವುದು ಅಂತ ಗೊತ್ತಾದರೂ ಅರ್ಧ ಗೆದ್ದಂತೆ. ಅಂಥವನ್ನು ಬ್ಯಾಕಪ್ ಡ್ರೈವಿನಿಂದ ಎತ್ತಿ ಬೇರೆ ಡ್ರೈವಿಗೆ ಹಾಕಿ, ಅದಕ್ಕೊಂದು ಬ್ಯಾಕಪ್ ಮಾಡುವುದು ಸರಿಯಾದ ದಾರಿ. ಒಂದೇ ಡಬ್ಬಿ ಬ್ಯಾಕಪ್ಪೂ ಆಗಿ ಗೋದಾಮೂ ಆದರೆ ಎರಡೂ ಕೆಡುತ್ತವೆ.

ಅಷ್ಟಾದರೂ ಜಾಗ ಸಾಲದಿದ್ದರೆ ದೊಡ್ಡ ಡ್ರೈವ್ ತರುವುದೇ. ಕಂಪ್ಯೂಟರಿನ ಡಿಸ್ಕಿಗಿಂತ ಕನಿಷ್ಠ ಎರಡರಷ್ಟಿರಲಿ ಅಂತ ಆಪಲ್ ಕೂಡ ಹೇಳುತ್ತದೆ. ತಂದವರು ಸಾಮಾನ್ಯವಾಗಿ ಹಳೆಯದರಲ್ಲಿದ್ದದ್ದನ್ನೆಲ್ಲ ಹೊಸದಕ್ಕೆ ಸುರಿಯಲು ಕೂರುತ್ತಾರೆ. ನಾನು ಆ ಗೋಜಿಗೆ ಹೋಗುವುದಿಲ್ಲ. ಹೊಸದರಲ್ಲಿ ಬ್ಯಾಕಪ್ ಮೊದಲಿಂದ ಶುರುವಾಗಲಿ. ಹಳೆಯದರ ಬೆನ್ನಿಗೆ ಯಾವ ವರ್ಷದಿಂದ ಯಾವ ವರ್ಷದವರೆಗೆ ಅಂತ ಚೀಟಿ ಅಂಟಿಸಿ, ಅದರದ್ದೇ ಕೇಬಲ್ ಜೊತೆಗೆ ಸುತ್ತಿ ಬೀರುವಿನಲ್ಲಿಡುತ್ತೇನೆ. ಕೇಬಲ್ ಬೇರೆ ಇಟ್ಟರೆ ಆಮೇಲೆ ಅದನ್ನು ಹುಡುಕುವುದೇ ಒಂದು ಕೆಲಸ ಆಗುತ್ತದೆ.